ಗೇಟು ಮೊದಲು, ಕಾಟಾ ಆಮೇಲೆ: ಸಸ್ಪೆಂಡ್ ಹೊತ್ತಿನಲ್ಲಿ ಡ್ರೈವರಿನ ಕೆಲಸ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನಾವು ಕೂಡಿಸಿದ ಹನ್ನೆರಡು ಡಬ್ಬಿಗಳಿವೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಸಣ್ಣ ಕಚೇರಿಯಲ್ಲಿ ಜೋಡಿಸಿದ ಈ ಡಬ್ಬಿಗಳ ಒಳಗೆ ಲಿನಕ್ಸ್ ನಡೆಸುವ ಒಂದು ಬೋರ್ಡು, ಮೆಣಸಿನಕಾಯಿ ಚೀಲಗಳ ನಡುವಿನ ಉಷ್ಣಾಂಶ ಮತ್ತು ತೇವಾಂಶವನ್ನು ಅಳೆಯುವ ಸೆನ್ಸರು, ಕೋಣೆಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಸುವ ಮ್ಯಾಗ್ನೆಟ್ ಸ್ವಿಚ್ಚು, ಒಂದು ಮೋಡೆಮ್ ಮತ್ತು ಬ್ಯಾಟರಿ ಇವೆ. ಬ್ಯಾಟರಿ ಬಾಳಬೇಕೆಂದರೆ ಡಬ್ಬಿ ದಿನದ ಬಹುಪಾಲು ನಿದ್ದೆಯಲ್ಲಿರಬೇಕು. ಆದ್ದರಿಂದ ಅದು 15 ನಿಮಿಷಕ್ಕೊಮ್ಮೆ ಆರ್‌ಟಿಸಿ ಎಂಬ, ನಿದ್ದೆಯಲ್ಲಿಯೂ ಓಡುವ ಗಡಿಯಾರದ ಅಲಾರಮ್ಮಿನಿಂದ ಎಚ್ಚೆತ್ತು, ಅಳತೆ ತೆಗೆದು, ಅದನ್ನು ಕಳುಹಿಸಿ, ಮತ್ತೆ ಸಸ್ಪೆಂಡ್ ಆಗುತ್ತದೆ. ದಿನಕ್ಕೆ 96 ಸಲ ಮಲಗಿ 96 ಸಲ ಏಳುವ ಯಂತ್ರವಿದು. ಲ್ಯಾಪ್‌ಟಾಪಿನಲ್ಲಿ ವರ್ಷಕ್ಕೊಮ್ಮೆ ಇಣುಕಿ ಮರೆಯಾಗುವ ದೋಷ ಇಂಥ ಯಂತ್ರದಲ್ಲಿ ವಾರಕ್ಕೊಮ್ಮೆ ಎದುರು ಬಂದು ನಿಲ್ಲುತ್ತದೆ.

ನಮ್ಮ ಡ್ರೈವರಿನಲ್ಲಿ, ಅಂದರೆ ಸೆನ್ಸರು ಮತ್ತು ಬಾಗಿಲಿನ ಸ್ವಿಚ್ಚನ್ನು ನಡೆಸಲು ನಾನು ಬರೆದ ಕೋಡಿನಲ್ಲಿ, ಇದ್ದ ದೋಷವೂ ಹಾಗೆಯೇ ಎದುರು ಬಂದಿತು. ಯಾವುದೋ ಒಂದು ಡಬ್ಬಿ ಇದ್ದಕ್ಕಿದ್ದಂತೆ ಅಳತೆ ಕಳುಹಿಸುವುದನ್ನು ನಿಲ್ಲಿಸುತ್ತಿತ್ತು. ಬೋರ್ಡು ಬದುಕಿರುತ್ತಿತ್ತು, ಮೋಡೆಮ್ ಮಾತನಾಡುತ್ತಿತ್ತು, ಸೆನ್ಸರಿನ ಜಾಗದಲ್ಲಿ ಮಾತ್ರ ಬರಿಯ ದೋಷಸಂಖ್ಯೆ ಬರುತ್ತಿತ್ತು. ಲಾಗಿನಲ್ಲಿ ಕೆಲವು ಸಲ ಐ2ಸಿ (ಸೆನ್ಸರು ಬೋರ್ಡಿನೊಡನೆ ಮಾತನಾಡುವ ತಂತಿ) ವ್ಯವಸ್ಥೆಯ ‘ಟ್ರಾನ್ಸ್‌ಫರ್ ವೈಲ್ ಸಸ್ಪೆಂಡೆಡ್’, ಅಂದರೆ ಮಲಗಿದ ಮೇಲೂ ಮಾತನಾಡಿಸಲಾಯಿತು, ಎಂಬ ಎಚ್ಚರಿಕೆ ಇರುತ್ತಿತ್ತು, ಕೆಲವು ಸಲ ಸೆನ್ಸರು ಉತ್ತರವನ್ನೇ ಕೊಡಲಿಲ್ಲ ಎಂಬ ಬೇರೆಯದೇ ದೂರು ಇರುತ್ತಿತ್ತು. ಇವು ಎರಡು ದೋಷಗಳೆಂದು ನಂಬಿ ನಾನು ಹತ್ತು ದಿನ ಕಳೆದೆ. ತಂತಿ ಬದಲಿಸಿದೆ, ಥಂಡಿಗೆ ಬ್ಯಾಟರಿ ಸೋಲುತ್ತಿದೆಯೇ ಎಂದು ಅಳೆದೆ. ಸುಳಿವು ಕೊಟ್ಟವರು ಅಲ್ಲಿನ ಮ್ಯಾನೇಜರು. “ಸರ, ಒಂಬತ್ತನೇ ಡಬ್ಬಿ ಮತ್ತ ಬಂದ್ ಬಿದ್ದೈತ್ರಿ. ಸಂತಿ ದಿನಾನ ನಿಲ್ತೈತಿ ನೋಡ್ರಿ, ಉಳಿದ ದಿನ ಏನೂ ಆಗಂಗಿಲ್ಲ” ಎಂದು ಫೋನಿನಲ್ಲಿ ಹೇಳಿದಾಗ ನಾನು ಅದನ್ನು ಮೊದಲು ತಮಾಷೆಯೆಂದೇ ಭಾವಿಸಿದೆ. ಆಮೇಲೆ ದಿನಾಂಕಗಳನ್ನು ಪಟ್ಟಿ ಮಾಡಿ ನೋಡಿದರೆ ನಿಜವಾಗಿಯೂ ಹೆಚ್ಚಿನವು ಸೋಮವಾರ ಮತ್ತು ಗುರುವಾರ, ಅಂದರೆ ಬ್ಯಾಡಗಿ ಮಾರುಕಟ್ಟೆಯ ದಿನಗಳು. ಆ ದಿನಗಳಂದು ಚೀಲಗಳು ಒಳಗೆ ಹೊರಗೆ ಓಡಾಡುತ್ತವೆ, ಬಾಗಿಲು ಹತ್ತಾರು ಸಲ ತೆರೆಯುತ್ತದೆ. ಬಾಗಿಲು ತೆರೆದಾಗಲೆಲ್ಲ ನಮ್ಮ ಡ್ರೈವರಿಗೆ ಒಂದು ಇಂಟರಪ್ಟ್, ಅಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಇತ್ತ ನೋಡು ಎಂಬ ಹಾರ್ಡ್‌ವೇರಿನ ಸಂಕೇತ, ಬರುತ್ತದೆ. ಆ ಇಂಟರಪ್ಟು ಒಂದು ಕೆಲಸವನ್ನು ವರ್ಕ್‌ಕ್ಯೂಗೆ, ಅಂದರೆ ಆಮೇಲೆ ಮಾಡಬೇಕಾದ ಕೆಲಸಗಳ ಸರದಿಗೆ, ಹಾಕುತ್ತದೆ. ಡಬ್ಬಿ ಮಲಗಲು ಹೊರಟ ಕ್ಷಣದಲ್ಲಿಯೇ ಬಾಗಿಲು ತೆರೆದರೆ ಏನಾಗಬೇಕು ಎಂಬುದನ್ನು ಡ್ರೈವರ್ ಬರೆದಾಗ ನಾನು ಯೋಚಿಸಿಯೇ ಇರಲಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್ ಮಲಗುವುದು ಒಂದೇ ಏಟಿಗಲ್ಲ. ಮೊದಲು ಮಲಗುವ ಸೂಚನೆ ಹೊರಡುತ್ತದೆ. ಬಳಿಕ ಫ್ರೀಜರ್ ಎಂಬ ವ್ಯವಸ್ಥೆ ಬಳಕೆದಾರರ ಪ್ರೋಗ್ರಾಂಗಳನ್ನೆಲ್ಲ ಇದ್ದಲ್ಲಿಯೇ ನಿಲ್ಲಿಸುತ್ತದೆ, ಆಮೇಲೆ ನಿಲ್ಲಲು ಒಪ್ಪಿಕೊಂಡ ಕರ್ನಲ್ ಥ್ರೆಡ್ಡುಗಳನ್ನೂ ಫ್ರೀಜಬಲ್ ಎಂದು ಗುರುತಿಸಿದ ವರ್ಕ್‌ಕ್ಯೂಗಳನ್ನೂ ನಿಲ್ಲಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 20 ಸೆಕೆಂಡಿನ ಗಡುವಿದೆ. ಅಷ್ಟರಲ್ಲಿ ಯಾರಾದರೂ ನಿಲ್ಲದಿದ್ದರೆ ಮಲಗುವ ಪ್ರಯತ್ನವನ್ನೇ ಕೈಬಿಡಲಾಗುತ್ತದೆ. ಅದಾದ ಮೇಲೆ ಸಾಧನಗಳ ಸರದಿ: ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್ ಲೇಟ್, ಸಸ್ಪೆಂಡ್ ನೋಐಆರ್‌ಕ್ಯೂ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಪ್ರತಿ ಡ್ರೈವರಿನ ಕಾಲ್‌ಬ್ಯಾಕುಗಳನ್ನು, ಅಂದರೆ ಕರ್ನಲ್ ಕರೆಯಲೆಂದು ಡ್ರೈವರ್ ಕೊಟ್ಟಿಟ್ಟ ಫಂಕ್ಷನ್ನುಗಳನ್ನು, ಕರೆಯಲಾಗುತ್ತದೆ, ಪ್ರಿಪೇರ್ ಬಿಟ್ಟು ಉಳಿದ ಮೂರರಲ್ಲಿ ಮಕ್ಕಳು ಮೊದಲು ಮಲಗಿ ತಾಯಿ ಆಮೇಲೆ ಮಲಗುವ ಕ್ರಮದಲ್ಲಿ. ಎಂದರೆ ಐ2ಸಿ ತಂತಿಯ ಮೇಲಿರುವ ಸೆನ್ಸರು ಮೊದಲು, ಆ ತಂತಿಯನ್ನು ನಡೆಸುವ ಕಂಟ್ರೋಲರು ಆಮೇಲೆ. ನಾಲ್ಕನೆಯ ಮೆಟ್ಟಿಲಿಗೆ ಹೋಗುವ ಮುನ್ನ ಸಾಧನಗಳ ಇಂಟರಪ್ಟ್ ಹ್ಯಾಂಡ್ಲರುಗಳನ್ನು (ಇಂಟರಪ್ಟ್ ಬಂದಾಗ ಓಡುವ ಕೋಡು) ಕರ್ನಲ್ ತಾನೇ ತಡೆಹಿಡಿಯುತ್ತದೆ. ಕೊನೆಗೆ ಒಂದನ್ನುಳಿದು ಇತರ ಸಿಪಿಯುಗಳು ಇಳಿಯುತ್ತವೆ. ಏಳುವಾಗ ಇದೇ ದಾರಿ ತಿರುಗುಮುರುಗು.

ಇದರಲ್ಲಿ ಡ್ರೈವರ್ ಬರೆಯುವವನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಒಂದೇ ಸಂಗತಿ: ನಮ್ಮ ಸಸ್ಪೆಂಡ್ ಕಾಲ್‌ಬ್ಯಾಕು ನಡೆಯುವಾಗ ಬಳಕೆದಾರರ ಪ್ರೋಗ್ರಾಂಗಳು ನಿಂತಿರುತ್ತವೆ, ಆದರೆ ಇಂಟರಪ್ಟುಗಳು ಇನ್ನೂ ಬರುತ್ತಿರುತ್ತವೆ, ಟೈಮರುಗಳು ಇನ್ನೂ ಹೊಡೆಯುತ್ತಿರುತ್ತವೆ, ಸಾಮಾನ್ಯ ವರ್ಕ್‌ಕ್ಯೂಗಳಲ್ಲಿನ ಕೆಲಸಗಳು ಇನ್ನೂ ಓಡುತ್ತಿರುತ್ತವೆ. ‘ಸಿಸ್ಟಂ ಮಲಗುತ್ತಿದೆ, ಈಗ ಯಾರು ಬಂದಾರು’ ಎಂಬ ಭಾವನೆಯೇ ತಪ್ಪು.

ಬ್ಯಾಡಗಿಯಲ್ಲಿ ಕುಳಿತು ಯೋಚಿಸುತ್ತಿದ್ದ ನನಗೆ ಇದು ದಲಾಲಿ ಅಂಗಡಿಯೊಂದು ಸಂಜೆ ಮುಚ್ಚುವ ರೀತಿಯನ್ನು ನೋಡಿದಾಗ ಸ್ಪಷ್ಟವಾಯಿತು. ಮೊದಲು ಗೇಟು ಹಾಕುತ್ತಾರೆ, ಹೊಸ ಗಾಡಿ ಒಳಗೆ ಬರುವಂತಿಲ್ಲ. ಆಮೇಲೆ ಒಳಗಿರುವ ಚೀಲಗಳ ತೂಕ ಮುಗಿಸುತ್ತಾರೆ. ಹಮಾಲರು ಕೈ ತೊಳೆದುಕೊಂಡ ಮೇಲೆ ಕಾಟಾದ ಸ್ವಿಚ್ಚು ಆರಿಸುತ್ತಾರೆ. ಗೇಟು ತೆರೆದಿಟ್ಟುಕೊಂಡು ‘ಇದ್ದದ್ದೆಲ್ಲ ತೂಗಿ ಮುಗಿಯಲಿ’ ಎಂದು ಕಾದರೆ ಕಾಯುವಿಕೆ ಮುಗಿಯುವುದಿಲ್ಲ. ಚೀಲ ಕಾಟಾದ ಮೇಲಿರುವಾಗಲೇ ಸ್ವಿಚ್ಚು ಆರಿಸಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಹಳೆಯ ಸಸ್ಪೆಂಡ್ ಕಾಲ್‌ಬ್ಯಾಕು ಈ ಎರಡನ್ನೂ ಒಟ್ಟಿಗೆ ಮಾಡುತ್ತಿತ್ತು.

ಅದರಲ್ಲಿ ಇದ್ದದ್ದು ಎರಡೇ ಸಾಲು. ಒಂದು, ಕ್ಯಾನ್ಸಲ್_ಡಿಲೇಡ್_ವರ್ಕ್ ಎಂಬ ಕರೆ. ಎರಡು, ಸೆನ್ಸರಿಗೆ ವಿದ್ಯುತ್ತು ಕೊಡುವ ರೆಗ್ಯುಲೇಟರ್ ಆರಿಸುವ ಕರೆ. ಮೊದಲನೆಯ ಕರೆಯ ಹೆಸರು ಕೇಳಿದರೆ ಕೆಲಸ ರದ್ದಾಯಿತೆಂದು ಅನ್ನಿಸುತ್ತದೆ, ಆದರೆ ಅದು ರದ್ದು ಮಾಡುವುದು ಸರದಿಯಲ್ಲಿ ಕಾಯುತ್ತಿರುವ ಕೆಲಸವನ್ನು ಮಾತ್ರ. ಈಗಾಗಲೇ ಓಡುತ್ತಿರುವುದು ಓಡುತ್ತಲೇ ಇರುತ್ತದೆ, ಅದು ಮುಗಿಯಲೆಂದು ಯಾರೂ ಕಾಯುವುದಿಲ್ಲ. ನಮ್ಮ ಕೆಲಸವೋ, ಸೆನ್ಸರಿಗೆ ಅಳೆಯಲು ಹೇಳಿ, 50 ಮಿಲಿಸೆಕೆಂಡ್ ಮಲಗಿ, ಆಮೇಲೆ ಫಲಿತಾಂಶ ಓದುವಂಥದ್ದು. ಆ 50 ಮಿಲಿಸೆಕೆಂಡಿನ ನಡುವೆ ಸಸ್ಪೆಂಡ್ ಕಾಲ್‌ಬ್ಯಾಕು ಬಂದು ಹೋದರೆ, ಓದಲು ಹೋದಾಗ ಸೆನ್ಸರಿನ ವಿದ್ಯುತ್ತು ಹೋಗಿರುತ್ತದೆ, ಹಾಗಾಗಿ ಉತ್ತರವಿಲ್ಲ ಎಂಬ ದೂರು. ಇನ್ನೂ ಸ್ವಲ್ಪ ತಡವಾದರೆ ಕಂಟ್ರೋಲರೂ ಮಲಗಿರುತ್ತದೆ, ಹಾಗಾಗಿ ಐ2ಸಿ ವ್ಯವಸ್ಥೆಯ ಎಚ್ಚರಿಕೆ. ಎರಡು ಬಗೆಯ ಲಾಗಿನ ಹಿಂದೆ ಇದ್ದದ್ದು ಒಂದೇ ತಪ್ಪು. ಓದು ವಿಫಲವಾದರೆ ಸೆನ್ಸರ್ ಕೆಟ್ಟಿದೆ ಎಂದು ಗುರುತು ಹಾಕಿ, ಮುಂದೆ ಅದನ್ನು ಮುಟ್ಟಲೇಬೇಡ ಎಂಬ ಅತಿ ಜಾಣತನದ ಸಾಲನ್ನೂ ನಾನೇ ಬರೆದಿದ್ದೆ. ಆದ್ದರಿಂದ ಒಮ್ಮೆ ತಪ್ಪಿದ ಡಬ್ಬಿ ರೀಬೂಟ್ ಆಗುವವರೆಗೆ ಮೂಕವಾಗಿಯೇ ಉಳಿಯುತ್ತಿತ್ತು.

ಮೊದಲ ದುರಸ್ತಿ ಸುಲಭವೆನಿಸಿತು: ಕರೆಯ ಕೊನೆಗೆ ಸಿಂಕ್ ಸೇರಿಸಿದರೆ ಓಡುತ್ತಿರುವ ಕೆಲಸ ಮುಗಿಯುವವರೆಗೆ ಅದು ಕಾಯುತ್ತದೆ, ತನ್ನನ್ನು ತಾನೇ ಮತ್ತೆ ಸರದಿಗೆ ಹಾಕಿಕೊಳ್ಳುವ ಕೆಲಸವನ್ನೂ ನಿಲ್ಲಿಸುತ್ತದೆ. ಸೇರಿಸಿದೆ. ಜಾಗರೂಕತೆ ಇರಲೆಂದು ಇಡೀ ಸಸ್ಪೆಂಡ್ ಕಾಲ್‌ಬ್ಯಾಕನ್ನು ಡ್ರೈವರಿನ ಮ್ಯೂಟೆಕ್ಸ್ (ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದಾದ ಲಾಕ್) ಒಳಗೆ ಇಟ್ಟೆ. ಆ ಜಾಗರೂಕತೆಯೇ ಮುಳುವಾಯಿತು, ಏಕೆಂದರೆ ಕೆಲಸಕ್ಕೂ ಅದೇ ಮ್ಯೂಟೆಕ್ಸ್ ಬೇಕು. ಸಸ್ಪೆಂಡ್ ಮಾಡುವವನು ಮ್ಯೂಟೆಕ್ಸ್ ಹಿಡಿದು ಕೆಲಸ ಮುಗಿಯಲೆಂದು ಕಾಯುತ್ತಾನೆ, ಕೆಲಸವು ಮ್ಯೂಟೆಕ್ಸ್ ಸಿಗಲೆಂದು ಕಾಯುತ್ತದೆ. ಇಬ್ಬರೂ ‘ನೀ ಮೊದಲು’ ಎಂದು ನಿಂತುಬಿಡುತ್ತಾರೆ. ಹೊಸ ಆವೃತ್ತಿ ಹಾಕಿದ ಮೊದಲ ಸಂತೆಯಂದೇ ಎರಡು ಡಬ್ಬಿಗಳು ಪೂರ್ತಿ ಹೆಪ್ಪುಗಟ್ಟಿ, ಮಲಗಲೂ ಆಗದೆ ಏಳಲೂ ಆಗದೆ, ಮರುದಿನದ ಹೊತ್ತಿಗೆ ಬ್ಯಾಟರಿಯನ್ನು ಬರಿದು ಮಾಡಿಕೊಂಡವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ರಸ್ತೆ ಹಿಡಿಯುವಾಗ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಲಾಕ್‌ಡೆಪ್ ಎಂಬ ಪರಿಶೀಲಕವನ್ನು ಕರ್ನಲಿನಲ್ಲಿ ತೆರೆದಿಟ್ಟು ಒಂದು ಸಲ ಓಡಿಸಿದ್ದರೆ, ನಿಜವಾದ ಗಂಟು ಬೀಳದಿದ್ದರೂ ಇಂಥ ಕ್ರಮದಲ್ಲಿ ಗಂಟು ಬೀಳುವ ಸಾಧ್ಯತೆ ಇದೆಯೆಂದು ಅದು ಮೇಜಿನ ಮೇಲೆಯೇ ಹೇಳಿಬಿಡುತ್ತಿತ್ತು. ಕೆಲಸ ಯಾವ ಲಾಕನ್ನು ಹಿಡಿಯುತ್ತದೋ ಆ ಲಾಕನ್ನು ಹಿಡಿದುಕೊಂಡು ಆ ಕೆಲಸಕ್ಕಾಗಿ ಕಾಯಬಾರದು. ಓದಲು ಸರಳ, ಆದರೆ ನಡುವೆ ನಾಲ್ಕು ಫಂಕ್ಷನ್ನುಗಳ ಪದರವಿದ್ದಾಗ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಪ್ರಯತ್ನದಲ್ಲಿ ಕೆಲಸವನ್ನು ಫ್ರೀಜಬಲ್ ವರ್ಕ್‌ಕ್ಯೂಗೆ ಸಾಗಿಸಿದೆ. ಇದರ ಲಾಭ ದೊಡ್ಡದು: ಸಾಧನಗಳ ಕಾಲ್‌ಬ್ಯಾಕು ಆರಂಭವಾಗುವ ಮುನ್ನವೇ ಆ ಕ್ಯೂ ನಿಲ್ಲುತ್ತದೆ, ಓಡುತ್ತಿರುವ ಕೆಲಸ ಮುಗಿಯುವವರೆಗೆ ಫ್ರೀಜರ್ ಕಾಯುತ್ತದೆ, ಆಮೇಲೆ ಯಾರು ಕೆಲಸ ಹಾಕಿದರೂ ಅದು ಸರದಿಯಲ್ಲಿ ಕುಳಿತಿರುತ್ತದೆ, ಎಲ್ಲ ಸಾಧನಗಳೂ ಎದ್ದ ಮೇಲೆ ಕ್ಯೂ ಕರಗಿದಾಗ ಓಡುತ್ತದೆ. ಬಾಗಿಲು, ಗುಂಡಿ, ಸೆನ್ಸರುಗಳಂಥ ನಿಧಾನದ ಸಾಧನಗಳ ಬಹುಪಾಲು ಡ್ರೈವರುಗಳಿಗೆ ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಇದರ ಜೊತೆ ಒಂದು ಹೊಂಡ ಇದೆ, ಅದರಲ್ಲಿ ನಾನೂ ಕಾಲಿಟ್ಟೆ. ಸಸ್ಪೆಂಡ್ ಕಾಲ್‌ಬ್ಯಾಕಿನಲ್ಲಿ ರದ್ದು ಮಾಡುವ ಬದಲು ಫ್ಲಶ್ ಮಾಡಿದೆ, ಅಂದರೆ ‘ಬಾಕಿ ಇರುವುದು ಮುಗಿಯಲಿ, ಕಾಯುತ್ತೇನೆ’ ಎಂದೆ. ಕ್ಯೂ ಹೆಪ್ಪುಗಟ್ಟಿದೆ, ಬಾಕಿ ಇರುವ ಕೆಲಸ ಓಡುವುದು ಅದು ಕರಗಿದ ಮೇಲೆ, ಅದು ಕರಗುವುದು ನಾವು ಮಲಗಿ ಎದ್ದ ಮೇಲೆ, ನಾವು ಮಲಗುವುದು ಬಾಕಿ ಮುಗಿದ ಮೇಲೆ. ಹಮಾಲರನ್ನು ಮನೆಗೆ ಕಳುಹಿಸಿ, ಚೀಲ ಎತ್ತಲೆಂದು ಕಾಟಾದ ಪಕ್ಕದಲ್ಲಿ ಕಾಯುತ್ತ ಕುಳಿತಂತೆ. ಫ್ರೀಜರಿನ 20 ಸೆಕೆಂಡಿನ ಗಡುವು ಈ ಹೊತ್ತಿಗೆ ಮುಗಿದುಹೋಗಿರುವುದರಿಂದ ಅದೂ ಕಾಪಾಡುವುದಿಲ್ಲ. ಸಾಧನಗಳ ಕಾಲ್‌ಬ್ಯಾಕಿಗೆ ಕಾವಲು ಕೂರುವ ವಾಚ್‌ಡಾಗ್ ಒಂದು ಕರ್ನಲಿನಲ್ಲಿ ಇದೆಯಾದರೂ ಅದನ್ನು ಬೇಕೆಂದು ಆರಿಸಿ ಕಟ್ಟಿಕೊಳ್ಳಬೇಕು. ಹೆಪ್ಪುಗಟ್ಟಿದ ಕ್ಯೂನಿಂದ ಕೆಲಸವನ್ನು ರದ್ದು ಮಾಡುವುದಕ್ಕೆ ಮಾತ್ರ ಯಾವ ತೊಂದರೆಯೂ ಇಲ್ಲ, ಏಕೆಂದರೆ ಸರದಿಯಿಂದ ತೆಗೆದುಹಾಕಲು ಯಾರೂ ಓಡಬೇಕಿಲ್ಲ.

ಈ ತಪ್ಪು ನನ್ನಂಥವನದ್ದು ಮಾತ್ರವಲ್ಲ ಎಂಬುದು ಸ್ವಲ್ಪ ಸಮಾಧಾನದ ಸಂಗತಿ. ಡಿಸ್ಕಿಗೆ ಬರೆಯಬೇಕಾದದ್ದನ್ನು ಹಿನ್ನೆಲೆಯಲ್ಲಿ ಬರೆಯುವ ಕರ್ನಲಿನ ವರ್ಕ್‌ಕ್ಯೂ ಬಹಳ ವರ್ಷ ಫ್ರೀಜಬಲ್ ಆಗಿಯೇ ಇತ್ತು. ಕಂಪ್ಯೂಟರ್ ಮಲಗಿದ್ದಾಗ ಡಿಸ್ಕನ್ನು ಕಿತ್ತುಕೊಂಡರೆ, ಏಳುವ ದಾರಿಯಲ್ಲಿ ಆ ಡಿಸ್ಕನ್ನು ಲೆಕ್ಕದಿಂದ ತೆಗೆಯುವ ಕೆಲಸ ಆ ಕ್ಯೂನ ಬಾಕಿ ಮುಗಿಯಲೆಂದು ಕಾಯುತ್ತಿತ್ತು, ಕ್ಯೂ ಮಾತ್ರ ಎಲ್ಲರೂ ಎದ್ದ ಮೇಲೆ ಕರಗುವಂಥದ್ದು. 2013ರಲ್ಲಿ ವರ್ಕ್‌ಕ್ಯೂ ವ್ಯವಸ್ಥೆಯ ನಿರ್ವಾಹಕ ತೇಜುನ್ ಹಿಯೋ ಅವರು ಡಿಸ್ಕುಗಳನ್ನು ನಡೆಸುವ ಲಿಬ್‌ಎಟಿಎ ಎಂಬ ಕೋಡಿನ ಒಳಗೆ, ವ್ಯವಸ್ಥೆ ಹೆಪ್ಪುಗಟ್ಟಿರುವವರೆಗೆ 10 ಮಿಲಿಸೆಕೆಂಡಿನಂತೆ ಮಲಗುತ್ತ ಕಾಯುವ ಒಂದು ಲೂಪ್ ಹಾಕಿ ಸದ್ಯದ ಪರಿಹಾರ ಕೊಟ್ಟರು. ಥಂಡರ್‌ಬೋಲ್ಟ್ ಮೂಲಕ ಜೋಡಿಸುವ ವೇಗದ ಡಿಸ್ಕುಗಳು ಬಂದಾಗ ಅದೇ ಗಂಟು ಬೇರೆ ಜಾಗದಲ್ಲಿ ಬಿದ್ದಿತು, ಮತ್ತು 2019ರಲ್ಲಿ 5.4 ಆವೃತ್ತಿಗಾಗಿ ಆ ಕ್ಯೂವನ್ನು ಫ್ರೀಜಬಲ್ ಪಟ್ಟಿಯಿಂದಲೇ ಕೈಬಿಟ್ಟು, ಹಳೆಯ ಲೂಪನ್ನೂ ತೆಗೆದುಹಾಕಲಾಯಿತು. ಆದ್ದರಿಂದ ಕ್ಯೂವನ್ನು ಫ್ರೀಜಬಲ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕ್ಯೂಗಾಗಿ ಮಲಗುವ ಅಥವಾ ಏಳುವ ದಾರಿಯಲ್ಲಿ ಯಾರಾದರೂ ಕಾಯುತ್ತಾರೆಯೇ ಎಂಬುದು. ಕಾಯುವವರಿದ್ದರೆ ಅದು ಫ್ರೀಜಬಲ್ ಆಗಕೂಡದು.

ಇನ್ನು ಗೇಟಿನ ವಿಚಾರ. ಕೆಲಸ ಹಾಕುವವರು ಯಾರು ಯಾರು ಎಂದು ಕಾಗದದ ಮೇಲೆ ಬರೆದಾಗ ನಮ್ಮ ಡ್ರೈವರಿನಲ್ಲಿ ಮೂವರು ಸಿಕ್ಕರು: ಬಳಕೆದಾರನ ಪ್ರೋಗ್ರಾಂ ಸಿಸ್‌ಎಫ್‌ಎಸ್ (ಕಡತಗಳ ರೂಪದಲ್ಲಿ ಕರ್ನಲಿನೊಡನೆ ಮಾತನಾಡುವ ದಾರಿ) ಮೂಲಕ ಅಳತೆ ಕೇಳಿದಾಗ ಒಂದು, ಬಾಗಿಲಿನ ಇಂಟರಪ್ಟ್ ಹ್ಯಾಂಡ್ಲರ್ ಒಂದು, ಬಾಗಿಲು ತೆರೆದಿರುವವರೆಗೆ ಎರಡು ಸೆಕೆಂಡಿಗೊಮ್ಮೆ ತನ್ನನ್ನು ತಾನೇ ಹಾಕಿಕೊಳ್ಳುವ ಕೆಲಸವೇ ಒಂದು. ಮೊದಲನೆಯವರನ್ನು ಫ್ರೀಜರ್ ನಿಲ್ಲಿಸುತ್ತದೆ. ಮೂರನೆಯದನ್ನು ಸಿಂಕ್ ಇರುವ ರದ್ದತಿ ನಿಲ್ಲಿಸುತ್ತದೆ. ಆದರೆ ‘ಅ’ ಎಂಬ ಕೆಲಸ ‘ಆ’ವನ್ನೂ ‘ಆ’ ಎಂಬುದು ‘ಅ’ವನ್ನೂ ಹಾಕುವ ಜೋಡಿ ಇದ್ದರೆ ಈ ಮಾತು ನಿಲ್ಲುವುದಿಲ್ಲ, ಒಂದನ್ನು ರದ್ದು ಮಾಡಿ ಇನ್ನೊಂದರ ಕಡೆ ತಿರುಗುವಷ್ಟರಲ್ಲಿ ಮೊದಲನೆಯದು ಮತ್ತೆ ಹುಟ್ಟಿರುತ್ತದೆ. ಉಳಿದದ್ದು ಎರಡನೆಯ ಗೇಟು, ಇಂಟರಪ್ಟು. ಅದನ್ನು ಹಾಕದೆ ರದ್ದತಿ ಮಾಡಿದರೆ, ರದ್ದಾದ ಮರುಕ್ಷಣವೇ ಬಾಗಿಲು ತೆರೆದು ಹೊಸ ಕೆಲಸ ಸರದಿಗೆ ಬಂದು ಕೂರುತ್ತದೆ.

ಸಾಧನವು ಸಿಸ್ಟಮ್ಮನ್ನು ಎಬ್ಬಿಸುವ ಅಗತ್ಯವಿಲ್ಲದಿದ್ದರೆ ಉತ್ತರ ನೇರವಾದದ್ದು. ಸಸ್ಪೆಂಡ್ ಕಾಲ್‌ಬ್ಯಾಕಿನ ಮೊದಲ ಸಾಲಿನಲ್ಲಿ ಡಿಸೇಬಲ್_ಐಆರ್‌ಕ್ಯೂ ಕರೆಯಬೇಕು. ಅದು ಹೊಸ ಇಂಟರಪ್ಟನ್ನು ತಡೆಯುವುದಷ್ಟೇ ಅಲ್ಲ, ಈಗಾಗಲೇ ಓಡುತ್ತಿರುವ ಹ್ಯಾಂಡ್ಲರು ಮತ್ತು ಅದರ ಥ್ರೆಡ್ಡು ಮುಗಿಯುವವರೆಗೂ ಕಾಯುತ್ತದೆ. ಆಮೇಲೆ ರದ್ದತಿ, ಆಮೇಲೆ ವಿದ್ಯುತ್ತು. ಮೂರೇ ಸಾಲು, ಈ ಕ್ರಮ ಬದಲಾಗಕೂಡದು.

ನಮಗೆ ಅಷ್ಟು ಸುಲಭವಾಗಿ ಬಿಡುಗಡೆ ಇರಲಿಲ್ಲ, ಏಕೆಂದರೆ ಬಾಗಿಲು ತೆರೆದರೆ ಡಬ್ಬಿ ಏಳಬೇಕೆಂಬುದೇ ಗಿರಾಕಿಯ ಮುಖ್ಯ ಬೇಡಿಕೆ. ಇಂಟರಪ್ಟನ್ನು ಆರಿಸಿಟ್ಟು, ಎಬ್ಬಿಸುವ ಅಧಿಕಾರವನ್ನು ಮಾತ್ರ ಎನೇಬಲ್_ಐಆರ್‌ಕ್ಯೂ_ವೇಕ್ ಮೂಲಕ ಕೊಡಬಹುದೆಂದು ಕರ್ನಲಿನ ನಿಯಮ ಹೇಳುತ್ತದೆ, ಆದರೆ ಎಲ್ಲ ಚಿಪ್ಪುಗಳ ಇಂಟರಪ್ಟ್ ಕಂಟ್ರೋಲರುಗಳೂ ಆ ನಿಯಮಕ್ಕೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನಮ್ಮ ಬೋರ್ಡಿನಲ್ಲಿ ಆರಿಸಿದ ಇಂಟರಪ್ಟು ಎಬ್ಬಿಸಲಿಲ್ಲ. ಹಾಗಾಗಿ ಗೇಟನ್ನು ಹಾರ್ಡ್‌ವೇರಿನಲ್ಲಿ ಹಾಕದೆ ಸಾಫ್ಟ್‌ವೇರಿನಲ್ಲಿ ಹಾಕಿದೆವು. ಡ್ರೈವರಿನಲ್ಲಿ ‘ಮಲಗುತ್ತಿದೆ’ ಎಂಬ ಒಂದು ಗುರುತು, ಅದನ್ನು ಕಾಯಲು ಒಂದು ಸ್ಪಿನ್‌ಲಾಕ್. ಸಸ್ಪೆಂಡ್ ಕಾಲ್‌ಬ್ಯಾಕು ಲಾಕ್ ಹಿಡಿದು ಗುರುತನ್ನು ಏರಿಸಿ ಲಾಕ್ ಬಿಡುತ್ತದೆ, ಆಮೇಲೆ ಯಾವ ಲಾಕನ್ನೂ ಹಿಡಿಯದೆ ಕೆಲಸವನ್ನು ಸಿಂಕ್ ಸಹಿತ ರದ್ದು ಮಾಡುತ್ತದೆ. ಇಂಟರಪ್ಟ್ ಹ್ಯಾಂಡ್ಲರು ಅದೇ ಲಾಕ್ ಹಿಡಿದು ಗುರುತನ್ನು ನೋಡುತ್ತದೆ: ಇಲ್ಲದಿದ್ದರೆ ಕೆಲಸ ಹಾಕುತ್ತದೆ, ಇದ್ದರೆ ‘ಬಾಗಿಲು ಅಲುಗಾಡಿತು’ ಎಂದು ನೆನಪಿಟ್ಟುಕೊಂಡು, ವೇಕಪ್ ಘಟನೆಯೊಂದು ನಡೆಯಿತೆಂದು ಪಿಎಂ (ಪವರ್ ಮ್ಯಾನೇಜ್‌ಮೆಂಟ್) ವ್ಯವಸ್ಥೆಗೆ ವರದಿ ಮಾಡಿ ಹಿಂದಿರುಗುತ್ತದೆ. ಗುರುತು ನೋಡುವುದು ಮತ್ತು ಕೆಲಸ ಹಾಕುವುದು ಎರಡೂ ಒಂದೇ ಲಾಕಿನ ಒಳಗಿರಬೇಕು. ನೋಡಿ, ಲಾಕ್ ಬಿಟ್ಟು, ಆಮೇಲೆ ಹಾಕಿದರೆ ನಡುವಿನ ಸಂದಿಯಲ್ಲಿ ಸಸ್ಪೆಂಡ್ ನುಸುಳುತ್ತದೆ, ನಾವು ಮೊದಲಿದ್ದಲ್ಲಿಗೇ ಬರುತ್ತೇವೆ.

ವೇಕಪ್ ವರದಿಗೆ ಬೆಲೆ ಬರಬೇಕಾದರೆ ಬಳಕೆದಾರನ ಕಡೆಯ ಪ್ರೋಗ್ರಾಮೂ ಶಿಸ್ತಿನಿಂದ ಮಲಗಿಸಬೇಕು. ಅದು ಮೊದಲು ಸಿಸ್‌ಎಫ್‌ಎಸ್‌ನ ವೇಕಪ್_ಕೌಂಟ್ ಕಡತದಿಂದ ಒಂದು ಸಂಖ್ಯೆ ಓದಿ, ತನ್ನ ಬಾಕಿ ಮುಗಿಸಿ, ಅದೇ ಸಂಖ್ಯೆಯನ್ನು ಮರಳಿ ಬರೆಯಬೇಕು. ನಡುವೆ ಹೊಸ ಘಟನೆ ನಡೆದಿದ್ದರೆ ಆ ಬರೆಹ ವಿಫಲವಾಗುತ್ತದೆ; ಬರೆದ ಮೇಲೆ ಘಟನೆ ನಡೆದರೆ ಮಲಗುವ ಪ್ರಯತ್ನವೇ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಹಳೆಯ ಸ್ಕ್ರಿಪ್ಟು ಇದಾವುದನ್ನೂ ಮಾಡದೆ ನೇರವಾಗಿ ‘ಮೆಮ್’ ಎಂದು ಬರೆದು ಮಲಗಿಸಿಬಿಡುತ್ತಿತ್ತು.

ಏಳುವ ದಾರಿಯಲ್ಲಿ ಇನ್ನೊಂದು ಬಲೆ ಇದೆ, ಮತ್ತು ನನ್ನ ಮಟ್ಟಿಗೆ ಅದು ಮಲಗುವ ದಾರಿಯ ಬಲೆಗಳಿಗಿಂತ ಸೂಕ್ಷ್ಮವಾದದ್ದು. ಬಾಗಿಲಿನ ಇಂಟರಪ್ಟು ಡಬ್ಬಿಯನ್ನು ಎಬ್ಬಿಸಿತು ಎನ್ನೋಣ. ತಡೆಹಿಡಿದ ಹ್ಯಾಂಡ್ಲರುಗಳನ್ನು ಕರ್ನಲ್ ಮರಳಿ ಬಿಡುವುದು ನೋಐಆರ್‌ಕ್ಯೂ ಮೆಟ್ಟಿಲು ದಾಟಿದ ಕೂಡಲೇ. ನಮ್ಮ ಸಾಮಾನ್ಯ ರೆಸ್ಯೂಮ್ ಕಾಲ್‌ಬ್ಯಾಕು ಬರಲು ಇನ್ನೂ ಎರಡು ಮೆಟ್ಟಿಲು ಬಾಕಿ ಇರುತ್ತದೆ. ಹಾಗಾಗಿ ಬಾಕಿ ಇದ್ದ ಆ ಇಂಟರಪ್ಟಿನ ಹ್ಯಾಂಡ್ಲರು ನಮ್ಮ ರೆಸ್ಯೂಮಿಗಿಂತ ಮೊದಲೇ ಓಡುತ್ತದೆ, ಆಗ ಐ2ಸಿ ಕಂಟ್ರೋಲರು ಎದ್ದಿರುವ ಖಾತರಿ ಇಲ್ಲ, ಸೆನ್ಸರಿನ ವಿದ್ಯುತ್ತಂತೂ ಬಂದೇ ಇರುವುದಿಲ್ಲ. ಹ್ಯಾಂಡ್ಲರಿನ ಥ್ರೆಡ್ಡಿನೊಳಗೇ ಐ2ಸಿ ಓದು ಬರೆಯುವುದು ಬಹಳ ಜನರ ರೂಢಿ. ಎಬ್ಬಿಸುವ ಸಾಧನಗಳಲ್ಲಿ ಅದು ಇಲ್ಲಿಯೇ ಮುಗ್ಗರಿಸುತ್ತದೆ. ಇದೇ ಕಾರಣಕ್ಕೆ ಕೆಲವು ಐ2ಸಿ ಕಂಟ್ರೋಲರ್ ಡ್ರೈವರುಗಳು ತಾವು ಮಲಗುವುದನ್ನೂ ಏಳುವುದನ್ನೂ ನೋಐಆರ್‌ಕ್ಯೂ ಮೆಟ್ಟಿಲಿಗೆ ಸರಿಸಿಕೊಂಡಿವೆ. ನಮ್ಮ ಗುರುತು ಆ ಹೊತ್ತಿಗೂ ಏರಿಯೇ ಇರುವುದರಿಂದ ಹ್ಯಾಂಡ್ಲರು ಸುಮ್ಮನೆ ನೆನಪಿಟ್ಟುಕೊಂಡು ಹೋಗುತ್ತದೆ. ಒಂದೇ ಗೇಟು ಎರಡೂ ದಿಕ್ಕಿನಲ್ಲಿ ಕಾಯುವುದು ಈ ವಿಧಾನದಲ್ಲಿ ನನಗೆ ಹಿಡಿಸಿದ ಗುಣ.

ರೆಸ್ಯೂಮ್ ಕಾಲ್‌ಬ್ಯಾಕಿನ ಕ್ರಮ ಹೀಗಿದೆ. ಮೊದಲು ರೆಗ್ಯುಲೇಟರ್ ಹಚ್ಚಿ ಸೆನ್ಸರ್ ಚೇತರಿಸಿಕೊಳ್ಳುವಷ್ಟು ಕಾಯುತ್ತೇವೆ. ವಿದ್ಯುತ್ತು ಹೋದದ್ದರಿಂದ ಅದರ ರಿಜಿಸ್ಟರುಗಳು (ಸೆಟ್ಟಿಂಗುಗಳನ್ನು ಬರೆದಿಡುವ ಜಾಗಗಳು) ಮೂಲ ಸ್ಥಿತಿಗೆ ಮರಳಿರುತ್ತವೆ, ಅವನ್ನು ಮತ್ತೆ ಬರೆಯುತ್ತೇವೆ. ಆಮೇಲೆಯೇ ಗುರುತನ್ನು ಇಳಿಸುತ್ತೇವೆ, ಮತ್ತು ಕೊನೆಯಲ್ಲಿ ನೆನಪಿನ ಚೀಟಿ ಇದ್ದರೂ ಇಲ್ಲದಿದ್ದರೂ ಕೆಲಸವನ್ನು ಒಂದು ಸಲ ಹಾಕುತ್ತೇವೆ. ಈ ಕೊನೆಯ ಸಾಲು ಅನಗತ್ಯವೆಂದು ಕಚೇರಿಯಲ್ಲಿ ವಾದ ನಡೆದಿತ್ತು. ಆದರೆ ಮಲಗಿದ್ದಾಗ ಬಾಗಿಲು ತೆರೆದು, ನಾವು ಏಳುವಷ್ಟರಲ್ಲಿ ಮುಚ್ಚಿಯೂ ಹೋಗಿದ್ದರೆ, ಸ್ವಿಚ್ಚಿನ ಸ್ಥಿತಿ ಬದಲಾದ ಕ್ಷಣದಲ್ಲಿ ಮಾತ್ರ ಹೊಡೆಯುವ ಇಂಟರಪ್ಟು ಎಷ್ಟು ಸಲ ತಿರುಗಿತೆಂದು ಹೇಳುವುದಿಲ್ಲ. ಈಗ ಬಾಗಿಲಿನ ಸ್ಥಿತಿ ಏನೆಂದು ಹೋಗಿ ನೋಡುವುದೇ ನಂಬಿಕೆಯ ದಾರಿ.

ಸಸ್ಪೆಂಡ್ ಕಾಲ್‌ಬ್ಯಾಕು ನಡುವೆ ವಿಫಲವಾದಾಗಿನ ದಾರಿಯನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಬೇರೆ ಯಾವುದೋ ಸಾಧನ ಮಲಗಲು ನಿರಾಕರಿಸಿದರೆ ಕರ್ನಲ್ ಈಗಾಗಲೇ ಮಲಗಿದವರೆಲ್ಲರ ರೆಸ್ಯೂಮ್ ಕರೆದು ಎಬ್ಬಿಸುತ್ತದೆ. ಆದರೆ ದೋಷ ಹಿಂದಿರುಗಿಸಿದವರು ನಾವೇ ಆಗಿದ್ದರೆ ನಮ್ಮ ರೆಸ್ಯೂಮನ್ನು ಅದು ಕರೆಯುವುದಿಲ್ಲ. ರೆಗ್ಯುಲೇಟರ್ ಆರಿಸುವುದು ವಿಫಲವಾಗಿ ನಾವು ದೋಷದೊಂದಿಗೆ ಹಿಂದಿರುಗುತ್ತಿದ್ದರೆ, ಏರಿಸಿದ ಗುರುತನ್ನು ನಾವೇ ಇಳಿಸಿ, ಕೆಲಸವನ್ನು ಮತ್ತೆ ಹಚ್ಚಿ ಹಿಂದಿರುಗಬೇಕು. ಇಲ್ಲವಾದರೆ ಗೇಟು ಹಾಕಿಯೇ ಉಳಿಯುತ್ತದೆ.

ಕಾಲದ ಲೆಕ್ಕವೂ ನಮಗೆ ಪೆಟ್ಟು ಕೊಟ್ಟಿತು. ಬಾಗಿಲು 10 ನಿಮಿಷ ತೆರೆದೇ ಇದ್ದರೆ ಎಸ್‌ಎಂಎಸ್ ಹೋಗಬೇಕೆಂದು 10 ನಿಮಿಷದ ಡಿಲೇಡ್ ವರ್ಕ್ ಇಟ್ಟಿದ್ದೆವು. ಜಿಫ್ಫಿಗಳ, ಅಂದರೆ ಕರ್ನಲಿನ ಗಡಿಯಾರದ ಟಿಕ್ಕುಗಳ, ಮೇಲೆ ನಿಂತ ಟೈಮರು ಮಲಗಿದ್ದ ಹೊತ್ತನ್ನು ಎಣಿಸುವುದಿಲ್ಲ. ಹಾಗಾಗಿ ದಿನದ ಬಹುಪಾಲು ಮಲಗುವ ಡಬ್ಬಿಯಲ್ಲಿ ಆ 10 ನಿಮಿಷ ತುಂಬಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮೊನೊಟೋನಿಕ್ ಗಡಿಯಾರದ್ದೂ ಇದೇ ಕಥೆ. ಮಲಗಿದ್ದ ಕಾಲವನ್ನೂ ಕೂಡಿಸಿ ಹೇಳುವುದು ಬೂಟ್‌ಟೈಮ್ ಗಡಿಯಾರ. ಈಗ ಬಾಗಿಲು ತೆರೆದ ಕ್ಷಣವನ್ನು ಆ ಗಡಿಯಾರದಲ್ಲಿ ಬರೆದಿಟ್ಟು, ಎದ್ದಾಗಲೆಲ್ಲ ವ್ಯತ್ಯಾಸ ನೋಡುತ್ತೇವೆ, ಮತ್ತು ಬಾಗಿಲು ತೆರೆದಿರುವಾಗ ಮುಂದಿನ ಆರ್‌ಟಿಸಿ ಅಲಾರಮ್ಮನ್ನು ಅದಕ್ಕೆ ತಕ್ಕಂತೆ ಹತ್ತಿರಕ್ಕೆ ಎಳೆಯುತ್ತೇವೆ.

ರನ್‌ಟೈಮ್ ಪಿಎಂ (ಸಿಸ್ಟಂ ಎಚ್ಚರವಿರುವಾಗಲೇ ಬಿಡುವಿನಲ್ಲಿರುವ ಸಾಧನವನ್ನು ಮಲಗಿಸುವ ವ್ಯವಸ್ಥೆ) ಬಳಸುವವರು ನೆನಪಿಡಬೇಕಾದದ್ದು ಚಿಕ್ಕದು: ಸಸ್ಪೆಂಡ್ ಲೇಟ್ ಮೆಟ್ಟಿಲಿನಿಂದ ಮುಂದೆ ಕರ್ನಲ್ ಅದನ್ನು ಆರಿಸಿಟ್ಟಿರುತ್ತದೆ, ಅಲ್ಲಿ ಸಾಧನವನ್ನು ಎಬ್ಬಿಸಲು ಕೇಳಿದರೆ ಅನುಮತಿ ಇಲ್ಲವೆಂಬ ದೋಷವೇ ಸಿಗುತ್ತದೆ. ಆ ದೋಷವನ್ನು ನೋಡದೆ ರಿಜಿಸ್ಟರ್ ಮುಟ್ಟುವ ಕೋಡ್ ಕೆಲವು ಚಿಪ್ಪುಗಳಲ್ಲಿ ಸಾಧನಗಳನ್ನು ಜೋಡಿಸುವ ಇಡೀ ಬಸ್ ಎಂಬ ದಾರಿಯನ್ನೇ ನಿಲ್ಲಿಸಿಬಿಡುತ್ತದೆ.

ಪರೀಕ್ಷೆಯ ಬಗ್ಗೆ ಹೇಳುವುದು ಬಹಳಷ್ಟಿದೆ, ಏಕೆಂದರೆ ಈ ಇಡೀ ಪ್ರಕರಣದಲ್ಲಿ ನನ್ನ ದೊಡ್ಡ ಸೋಲು ಅಲ್ಲಿಯೇ ಆದದ್ದು. ಮೇಜಿನ ಮೇಲೆ ಡಬ್ಬಿಯನ್ನು ಐವತ್ತು ಸಲ ಮಲಗಿಸಿ ಎಬ್ಬಿಸಿ ‘ಸರಿಯಾಗಿದೆ’ ಎಂದಿದ್ದೆ. ಆ ಐವತ್ತು ಸಲವೂ ಬಾಗಿಲಿನ ಸ್ವಿಚ್ಚು ಅಲುಗಾಡದೆ ಸುಮ್ಮನಿತ್ತು. ಈಗ ನಮ್ಮಲ್ಲಿ ಇನ್ನೊಂದು ಚಿಕ್ಕ ಬೋರ್ಡು ಇದೆ, ಅದರ ಕೆಲಸ ಬಾಗಿಲಿನ ತಂತಿಯನ್ನು ಅನಿಶ್ಚಿತ ಅಂತರದಲ್ಲಿ ಏರಿಸಿ ಇಳಿಸುವುದಷ್ಟೇ. ಆರ್‌ಟಿಸಿವೇಕ್ ಆಜ್ಞೆಯಿಂದ ಡಬ್ಬಿಯನ್ನು ಕೆಲವು ಸೆಕೆಂಡು ಮಲಗಿಸಿ ಎಬ್ಬಿಸುವ ಸ್ಕ್ರಿಪ್ಟು ರಾತ್ರಿಯಿಡೀ ಓಡುತ್ತದೆ; ಒಂದು ಸುತ್ತಿಗೆ 30 ಸೆಕೆಂಡ್ ಹಿಡಿದರೆ 8 ಗಂಟೆಯಲ್ಲಿ 960 ಸುತ್ತು, ಅಂದರೆ ಬ್ಯಾಡಗಿಯ ಹತ್ತು ದಿನ. ಪೂರ್ತಿ ಮಲಗಿಸದೆ ಸಾಧನಗಳ ಕಾಲ್‌ಬ್ಯಾಕುಗಳನ್ನಷ್ಟೇ ಪರೀಕ್ಷಿಸಲು ಪಿಎಂ_ಟೆಸ್ಟ್ ಎಂಬ ಕಡತವಿದೆ: ಅದರಲ್ಲಿ ‘ಫ್ರೀಜರ್’ ಎಂದು ಬರೆದರೆ ಫ್ರೀಜರಿನವರೆಗೆ, ‘ಡಿವೈಸಸ್’ ಎಂದು ಬರೆದರೆ ಸಾಧನಗಳವರೆಗೆ ಹೋಗಿ, ಅಲ್ಲಿ 5 ಸೆಕೆಂಡು ನಿಂತು ಹಿಂದಿರುಗುತ್ತದೆ. ಬೋರ್ಡು ಏಳದೆ ಸತ್ತಾಗ ಎಲ್ಲಿ ಸತ್ತಿತೆಂದು ಹುಡುಕಲು ಕನ್ಸೋಲ್ ಮಲಗದಂತೆ ಬೂಟ್ ಸಾಲಿನಲ್ಲಿ ನೋ_ಕನ್ಸೋಲ್_ಸಸ್ಪೆಂಡ್ ಕೊಟ್ಟು, ಪ್ರತಿ ಕಾಲ್‌ಬ್ಯಾಕಿನ ಹೆಸರು ಮತ್ತು ಸಮಯ ಮುದ್ರಿಸುವ ಪಿಎಂ_ಪ್ರಿಂಟ್_ಟೈಮ್ಸ್ ತೆರೆದಿಟ್ಟರೆ ಸೀರಿಯಲ್ ತಂತಿಯಲ್ಲಿ ಕೊನೆಯ ಹೆಸರು ಕಾಣುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಒರಟು ಉಪಾಯ. ಕೆಲಸದ ನಡುವಿನ 50 ಮಿಲಿಸೆಕೆಂಡ್ ನಿದ್ದೆಯನ್ನು ಪರೀಕ್ಷೆಗಾಗಿ 3 ಸೆಕೆಂಡಿಗೆ ಹಿಗ್ಗಿಸಿದೆ. ವಾರಕ್ಕೊಮ್ಮೆ ತೋರುತ್ತಿದ್ದ ದೋಷ ಹಳೆಯ ಕೋಡಿನಲ್ಲಿ ಮೊದಲ ಸುತ್ತಿಗೇ ಸಿಕ್ಕಿತು. ಮ್ಯೂಟೆಕ್ಸ್ ಇದ್ದ ಮೊದಲ ದುರಸ್ತಿ ಕೂಡಲೇ ಗಂಟು ಹಾಕಿಕೊಂಡಿತು. ಹೊಸ ಕೋಡು 3 ಸೆಕೆಂಡು ತಡವಾಗಿ, ಆದರೆ ಸರಿಯಾಗಿ ಮಲಗಿತು. ಸಂದಿ ಎಲ್ಲಿದೆಯೆಂಬ ಅನುಮಾನ ಬಂದ ಮೇಲೆ ಅದನ್ನು ಹೆಬ್ಬಾಗಿಲಾಗಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು, ನಾನು ಅದಕ್ಕೆ ಮೊದಲು ಒಂದು ತಿಂಗಳು ಓಡಾಡಿದ್ದೆ.

2024ರ 6.10 ಕರ್ನಲಿನಿಂದ ವರ್ಕ್‌ಕ್ಯೂ ವ್ಯವಸ್ಥೆಯಲ್ಲಿಯೇ ಡಿಸೇಬಲ್_ವರ್ಕ್_ಸಿಂಕ್ ಎಂಬ ಕರೆ ಬಂದಿದೆ. ಅದು ಕೆಲಸವನ್ನು ರದ್ದು ಮಾಡಿ, ಓಡುತ್ತಿದ್ದರೆ ಮುಗಿಯುವವರೆಗೆ ಕಾದು, ಮತ್ತೆ ಎನೇಬಲ್ ಮಾಡುವವರೆಗೆ ಯಾರು ಹಾಕಿದರೂ ಸ್ವೀಕರಿಸುವುದಿಲ್ಲ. ಒಂದನ್ನೊಂದು ಹಾಕುವ ಜೋಡಿ ಕೆಲಸಗಳ ತೊಂದರೆ ಇದರಿಂದ ತಾನಾಗಿ ಕಳೆಯುತ್ತದೆ. ಎನೇಬಲ್ ಮಾಡಿದ ಮೇಲೆ ನಡುವೆ ತಿರಸ್ಕೃತವಾದದ್ದು ತಾನಾಗಿ ಮರಳುವುದಿಲ್ಲವಾದ್ದರಿಂದ ರೆಸ್ಯೂಮಿನಲ್ಲಿ ನಾವೇ ಒಮ್ಮೆ ಹಾಕಬೇಕು. ಬ್ಯಾಡಗಿಯ ಡಬ್ಬಿಗಳಲ್ಲಿ ಇರುವುದು 5.10 ಕರ್ನಲ್, ಆದ್ದರಿಂದ ಸದ್ಯಕ್ಕೆ ನಮ್ಮ ಗುರುತು ಮತ್ತು ಸ್ಪಿನ್‌ಲಾಕೇ ನಡೆಯುತ್ತಿವೆ. ಹೊಸ ಕರ್ನಲಿಗೆ ಹೋದಾಗ ರದ್ದತಿಯ ಸಾಲನ್ನು ಬದಲಿಸುತ್ತೇನೆ, ಗುರುತನ್ನು ಮಾತ್ರ ತೆಗೆಯುವುದಿಲ್ಲ. ರೆಸ್ಯೂಮಿಗಿಂತ ಮೊದಲೇ ಓಡಿ ಬರುವ ಆ ಹ್ಯಾಂಡ್ಲರು ಬಾಗಿಲ ಸುದ್ದಿಯನ್ನು ಬರೆದಿಡಲು ಅದನ್ನೇ ನೋಡುತ್ತದೆ.